ಅತ್ತೆಯ ಪಿಪಿಎಫ್ ಪುಸ್ತಕ

ನನ್ನ ಅತ್ತೆ ತೆರಿಗೆ ಕಟ್ಟುವಷ್ಟು ಸಂಪಾದನೆಯನ್ನು ಯಾವತ್ತೂ ಮಾಡಿದವರಲ್ಲ. ಹೆಮ್ಮರಗಾಲದ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದರು. ಊರಿನವರ ಬಾಯಲ್ಲಿ ಆಯಾ. ಬೆಳಿಗ್ಗೆ ಕಸ ಗುಡಿಸಿ, ಮಕ್ಕಳನ್ನು ಮನೆಮನೆಯಿಂದ ಕರೆತಂದು, ಮಧ್ಯಾಹ್ನ ಬೇಯಿಸಿ ಬಡಿಸಿ, ಮೂಗು ಒರೆಸಿ ಮತ್ತೆ ಮನೆಗೆ ಮುಟ್ಟಿಸುವ ಕೆಲಸ. ಮನೆಯಲ್ಲಿ ಒಂದು ಹಸು, ಅದರ ಹಾಲು ಡೈರಿಗೆ. ಮಾವನವರು ನನ್ನ ಗಂಡ ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ಇಂಥ ಹೆಂಗಸು ತೆರಿಗೆ ಇಲ್ಲದ ಉಳಿತಾಯದ ಖಾತೆಯೊಂದನ್ನು ತೆರೆದು, ಹೆಚ್ಚುಕಡಿಮೆ ಹದಿನಾರು ವರ್ಷ ಅದನ್ನು ಸಾಕಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನೋಡಿದವಳು ನಾನೇ ಆದರೂ ನೆನೆದಾಗಲೆಲ್ಲ ಇನ್ನೂ ಮೈ ಜುಂ ಅನ್ನುತ್ತದೆ.

ಆಗ ನಾವು ತಿ. ನರಸೀಪುರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನನಗೆ ಅಲ್ಲಿನ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿ ಮೂರು ವರ್ಷವಾಗಿತ್ತು. ಗಂಡ ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಮಗಳಿಗೆ ಆರು ತಿಂಗಳು. ಅವಳನ್ನು ನೋಡಿಕೊಳ್ಳಲು ಅತ್ತೆ ರಜೆ ಹಾಕಿ ಬಂದು ನಮ್ಮ ಜೊತೆ ಇದ್ದರು.

ನಮ್ಮ ಶಾಲೆಯ ಗುಮಾಸ್ತರು ಒಂದು ದಿನ ನನ್ನನ್ನು ಕರೆದು, "ಮೇಡಂ, ಈ ವರ್ಷ ನಿಮ್ಮ ಸಂಬಳದಲ್ಲಿ ತೆರಿಗೆ ಹಿಡೀಬೇಕಾಗುತ್ತೆ. ಪೋಸ್ಟಾಫೀಸಲ್ಲಿ ಒಂದು ಪಿಪಿಎಫ್ ತೆಗೆದುಬಿಡಿ," ಅಂದರು. ನನಗೆ ಆ ಮೂರು ಅಕ್ಷರದ ಅರ್ಥ ಗೊತ್ತಿರಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಮಗುವನ್ನು ಎತ್ತಿಕೊಳ್ಳಲು ಅತ್ತೆಯನ್ನೂ ಕರೆದುಕೊಂಡು ಅಂಚೆ ಕಚೇರಿಗೆ ಹೋದೆ.

ಕೌಂಟರಿನಲ್ಲಿದ್ದವರು ನರೆತ ಮೀಸೆಯ, ನಿಧಾನಸ್ಥ ಮನುಷ್ಯ. ಮಕ್ಕಳಿಗೆ ಪಾಠ ಹೇಳುವವರ ಹಾಗೆ ವಿವರಿಸಿದರು. ಪಿಪಿಎಫ್ ಎಂದರೆ ಪಬ್ಲಿಕ್ ಪ್ರಾವಿಡೆಂಟ್ ಫಂಡ್, ಸರ್ಕಾರದ ಒಂದು ಉಳಿತಾಯ ಖಾತೆ. ವರ್ಷಕ್ಕೆ ಕನಿಷ್ಠ ಐನೂರು ರೂಪಾಯಿ ಹಾಕಲೇಬೇಕು, ಹೆಚ್ಚಿಗೆ ಎಂದರೆ ಸರ್ಕಾರ ಗೊತ್ತುಮಾಡಿದ ಮಿತಿಯವರೆಗೆ ಹಾಕಬಹುದು. ಹಾಕಿದ ದುಡ್ಡನ್ನು ನನ್ನ ವರಮಾನದಲ್ಲಿ ಕಳೆದು ತೆರಿಗೆ ಲೆಕ್ಕ ಹಾಕುತ್ತಾರೆ. ಅದಕ್ಕೆ ಬರುವ ಬಡ್ಡಿಗೆ ತೆರಿಗೆಯಿಲ್ಲ. ಕೊನೆಗೆ ಗಂಟು ಕೈಗೆ ಬರುವಾಗಲೂ ತೆರಿಗೆಯಿಲ್ಲ. ಅವಧಿ ಹದಿನೈದು ವರ್ಷ.

ಮಗುವನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ನಿಂತಿದ್ದ ಅತ್ತೆ ಕೌಂಟರಿಗೆ ಹತ್ತಿರ ಬಂದರು.

"ಅದೇನ್ ಸಾ, ಹದಿನೈದು ವರ್ಸ ತೆಗ್ಯಂಗೇ ಇಲ್ವಾ?"

"ಪೂರ್ತಿ ತೆಗೆಯೋ ಹಾಗಿಲ್ಲ ಕಣಮ್ಮ."

"ಯಾರಾರ ಬಂದು ಕೇಳುದ್ರೆ?"

"ಯಾರು ಕೇಳಿದ್ರೂ ಕೊಡಲ್ಲ. ಸಾಲ ಕೊಟ್ಟೋರು ಕೋರ್ಟಿಗೆ ಹೋದ್ರೂ ಇದನ್ನ ಜಪ್ತಿ ಮಾಡೋಕಾಗಲ್ಲ."

ಅತ್ತೆ ಮಗುವನ್ನು ನನ್ನ ಕೈಗೆ ಕೊಟ್ಟು, ಸೆರಗಿನ ಗಂಟು ಬಿಚ್ಚಿ, ನಾಲ್ಕಾಗಿ ಮಡಿಸಿದ್ದ ನೋಟುಗಳನ್ನು ಕೌಂಟರಿನ ಮೇಲಿಟ್ಟರು. "ನಂಗೂ ಒಂದು ಮಾಡ್ಕೊಡಿ ಸಾ."

"ಅತ್ತೆ, ಇದು ತೆರಿಗೆ ಕಟ್ಟೋರಿಗೆ. ನಿಮಗೆ ತೆರಿಗೆನೇ ಇಲ್ವಲ್ಲ," ಅಂದೆ.

"ತೆರಿಗೆ ಅತ್ಲಾಗಿರ್ಲಿ ಕಣವ್ವ. ಬೀಗ ಚೆನ್ನಾಗದೆ."

ಫೋಟೊ, ವೋಟರ್ ಕಾರ್ಡು ಎಲ್ಲ ಹೊಂದಿಸಿಕೊಂಡು ಮುಂದಿನ ವಾರ ಇಬ್ಬರೂ ಒಟ್ಟಿಗೇ ಖಾತೆ ತೆರೆದೆವು. ಅರ್ಜಿಯಲ್ಲಿ ವಯಸ್ಸಿನ ಜಾಗದಲ್ಲಿ ಅತ್ತೆ ನಲವತ್ತೆಂಟು ಎಂದು ಬರೆಸಿದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು ಅವರು. ಸಹಿ ಹಾಕುವಾಗ ಒಂದೊಂದು ಅಕ್ಷರಕ್ಕೂ ಪೆನ್ನು ಎತ್ತಿ, ಉಸಿರು ಬಿಟ್ಟು, ಮತ್ತೆ ಇಳಿಸುತ್ತಿದ್ದರು. ಕೌಂಟರಿನ ಗುಮಾಸ್ತರು ಅವಸರ ಮಾಡಲಿಲ್ಲ. ಪುಸ್ತಕ ಕೊಡುವಾಗ ಒಂದು ಮಾತು ಹೇಳಿದರು: "ತಿಂಗಳು ತಿಂಗಳು ಕಟ್ಟೋದಾದ್ರೆ ಐದನೇ ತಾರೀಖಿನ ಒಳಗೆ ಕಟ್ಟಮ್ಮ. ಐದನೇ ತಾರೀಖಿನಿಂದ ತಿಂಗಳ ಕೊನೆವರೆಗೆ ಪುಸ್ತಕದಲ್ಲಿ ಎಷ್ಟು ಕಡಿಮೆ ಇರುತ್ತೋ ಅದರ ಮೇಲೇ ಬಡ್ಡಿ. ಆರನೇ ತಾರೀಖು ಬಂದ್ರೆ ಆ ತಿಂಗಳ ಬಡ್ಡಿ ಹೋಯ್ತು ಅಂತ ಲೆಕ್ಕ."

ನಾನು ಅದನ್ನು ಬಾಗಿಲು ದಾಟುವಷ್ಟರಲ್ಲಿ ಮರೆತೆ.

ಎರಡು ವರ್ಷಕ್ಕೆ ನನಗೆ ನಂಜನಗೂಡಿಗೆ ವರ್ಗವಾಯಿತು. ಮನೆಯೂ ಅಲ್ಲಿಗೇ ಬಂತು. ನಾನು ನನ್ನ ಖಾತೆಯನ್ನು ನಂಜನಗೂಡಿಗೆ ವರ್ಗಾಯಿಸಿಕೊಂಡೆ. ಅದಕ್ಕೊಂದು ಅರ್ಜಿ ಕೊಟ್ಟರೆ ಸಾಕಿತ್ತು. ಅತ್ತೆಗೂ ಹೇಳಿದೆ. ಹೆಮ್ಮರಗಾಲದಿಂದ ನಂಜನಗೂಡು ಹತ್ತಿರ, ಯಾಕೆ ಸುಮ್ಮನೆ ನರಸೀಪುರದವರೆಗೆ ಬಸ್ಸಿಗೆ ದುಡ್ಡು ಹಾಕಬೇಕು?

"ಬ್ಯಾಡ ಕಣವ್ವ. ಅತ್ರ ಇದ್ರೆ ಕೈ ಕಡೀತದೆ. ದೂರ ಇದ್ರೆ ಅದ್ರ ಪಾಡ್ಗೆ ಅದಿರ್ತದೆ," ಅಂದರು.

ಹಾಗಾಗಿ ಪ್ರತಿ ತಿಂಗಳೂ ಮೂರನೇ ತಾರೀಖೋ ನಾಲ್ಕನೇ ತಾರೀಖೋ ನಮ್ಮ ಮನೆಯ ಗೇಟಿನ ಸದ್ದಾಗುತ್ತಿತ್ತು. ಮೊಮ್ಮಗಳಿಗೆ ಒಂದು ಸೀಸೆ ಹಾಲು, ನನಗೆ ಒಂದು ಕಟ್ಟು ಸೊಪ್ಪು. ಕಾಫಿ ಕುಡಿದು, ನರಸೀಪುರದ ಬಸ್ಸು ಹತ್ತಿ, ಐನೂರು ರೂಪಾಯಿ ಕಟ್ಟಿ, ಸಂಜೆಯ ಹೊತ್ತಿಗೆ ವಾಪಸು. ಮಳೆಗಾಲದಲ್ಲಿ ಪುಸ್ತಕವನ್ನು ಎರಡು ಪ್ಲಾಸ್ಟಿಕ್ ಕವರಿನೊಳಗೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು. ಕೆಲವು ವರ್ಷದ ಮೇಲೆ ಗೌರವಧನ ಹೆಚ್ಚಾದಾಗ ಐನೂರು ಸಾವಿರವಾಯಿತು.

ನಾನು? ಪ್ರತಿ ವರ್ಷ ಮಾರ್ಚ್ ತಿಂಗಳ ಕೊನೆಯ ವಾರ ಶಾಲೆಯ ಗುಮಾಸ್ತರು ರಸೀದಿ ಕೇಳಿದ ಮೇಲೆ ಓಡುತ್ತಿದ್ದೆ. ಒಟ್ಟಿಗೇ ಒಂದು ಮೊತ್ತ ಹಾಕಿ, ರಸೀದಿ ಕೊಟ್ಟು, ಮತ್ತೆ ಮುಂದಿನ ಮಾರ್ಚಿನವರೆಗೆ ಪುಸ್ತಕ ಎಲ್ಲಿದೆ ಎಂದೂ ನೋಡುತ್ತಿರಲಿಲ್ಲ. ನಾನು ಹಾಗೆ ಹಾಕಿದ ದುಡ್ಡಿಗೆ ಆ ವರ್ಷ ಬಡ್ಡಿಯೇ ಹುಟ್ಟುತ್ತಿರಲಿಲ್ಲ ಅನ್ನುವುದು ಎಷ್ಟೋ ವರ್ಷ ನನಗೆ ಹೊಳೆಯಲಿಲ್ಲ.

ಏಳನೇ ವರ್ಷದಿಂದ ಈ ಖಾತೆಯಲ್ಲಿ ವರ್ಷಕ್ಕೊಮ್ಮೆ ಒಂದಿಷ್ಟು ಭಾಗವನ್ನು ತೆಗೆಯಲು ಬಿಡುತ್ತಾರೆ. ಅದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. ಏಳನೇ ವರ್ಷ ಬಂದ ಕೂಡಲೇ ಸ್ಕೂಟರಿಗೆಂದು ತೆಗೆದೆ. ಮರುವರ್ಷ ಅಡುಗೆಮನೆಗೆ ಟೈಲ್ಸ್ ಹಾಕಿಸಲು ತೆಗೆದೆ. ಅತ್ತೆಗೆ ಈ ನಿಯಮ ಗೊತ್ತಿಲ್ಲ ಎಂದೇ ಅಂದುಕೊಂಡಿದ್ದೆ.

ಹಾಗೆ ಅಂದುಕೊಳ್ಳಲು ಕಾರಣವಿತ್ತು. ಅತ್ತೆಗೆ ಒಬ್ಬ ತಮ್ಮ. ಅದೇ ಊರಿನಲ್ಲಿ ಮುಂದಿನ ಬೀದಿಯಲ್ಲಿ ಮನೆ. ಕೆಟ್ಟ ಮನುಷ್ಯನಲ್ಲ, ಮಾವ ಹೋದ ಮೇಲೆ ಅಕ್ಕನ ಹೊಲವನ್ನು ತಾನೇ ಉತ್ತು ಬಿತ್ತಿ ಕೊಟ್ಟವರು. ಆದರೆ ತಲೆಯಲ್ಲಿ ಯಾವಾಗಲೂ ಒಂದು ಹೊಸ ವ್ಯಾಪಾರ ತಿರುಗುತ್ತಿತ್ತು. ಒಂದು ಸಲ ಕೋಳಿ ಫಾರಂ, ಒಂದು ಸಲ ಕಬ್ಬಿನ ಲಾರಿಯಲ್ಲಿ ಪಾಲು. ಅವರು ಬಂದು ಕೂತು "ಅಕ್ಕಾ" ಎಂದರೆ ಅತ್ತೆಗೆ ಇಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಹಾಗೆಯೇ ಅತ್ತೆಯ ಕಿವಿಯ ಓಲೆ, ಎರಡು ಕುರಿ, ಮಾವನ ಸೈಕಲ್ಲು ಎಲ್ಲ ಹೋಗಿದ್ದವು.

ಎಂಟನೇ ವರ್ಷದಲ್ಲಿ ಒಂದು ಭಾನುವಾರ ನಾನು ಊರಿನಲ್ಲಿದ್ದಾಗ ಅವರು ಬಂದರು. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು.

"ಅಕ್ಕಾ, ಇದೊಂದ್ಸಲ ಕಣಕ್ಕ. ಇಟ್ಟಿಗೆ ಗೂಡು ಹಾಕ್ತೀನಿ. ಮಣ್ಣಿಗೆ ಮಾತಾಡಿವ್ನಿ. ಪೋಸ್ಟಾಪೀಸಲ್ಲಿ ಕಟ್ತಾ ಇದೀಯಲ್ಲ, ಅದ್ರಲ್ಲಿ ಅರ್ಧ ಕೊಡು ಸಾಕು."

"ಅದ್ನ ಮುಟ್ಟಂಗಿಲ್ವಂತೆ ಕಣ್ಲಾ. ಹದಿನೈದು ವರ್ಸ ಆಗ್ಬೇಕಂತೆ. ಕೋರ್ಟ್‌ನೋರು ಬಂದ್ರೂ ಕೊಡಾಕಿಲ್ವಂತೆ."

"ಅದೆಂಥ ಪುಸ್ತಕ ಅಕ್ಕ? ನಿನ್ ದುಡ್ಡು ನಿಂಗೇ ಇಲ್ವಾ?"

"ಸರ್ಕಾರದ್ ರೂಲ್ಸು. ನಾನೇನ್ ಮಾಡ್ಲಾ?"

ನಾನು ಬಾಗಿಲಲ್ಲಿ ನಿಂತಿದ್ದೆ. ಏಳನೇ ವರ್ಷದ ವಿಷಯ ನಾಲಿಗೆಯ ತುದಿಗೆ ಬಂದು ನಿಂತಿತು. ಮೇಷ್ಟರ ಜಾತಿ ನಮ್ಮದು, ತಪ್ಪು ಕಂಡರೆ ತಿದ್ದದೆ ಇರಲಾಗದು. ಅದು ಹೇಗೋ ಆವತ್ತು ಬಾಯಿ ಮುಚ್ಚಿಕೊಂಡೆ. ತಮ್ಮ ಕಾಫಿ ಕುಡಿದು, ಬೇಜಾರು ಮಾಡಿಕೊಳ್ಳದೆ ಹೊರಟುಹೋದರು. ಸರ್ಕಾರದ ಮೇಲೆ ಯಾರು ತಾನೇ ಮುನಿಸಿಕೊಳ್ಳುತ್ತಾರೆ? ಅತ್ತೆಯ ಅಜ್ಞಾನ ಅವರನ್ನು ಕಾಪಾಡಿತು ಎಂದುಕೊಂಡು ನಾನು ಒಳಗೇ ನಕ್ಕೆ.

ಮರುವರ್ಷ ಏಪ್ರಿಲ್ ಮೊದಲ ದಿನಗಳಲ್ಲೇ ನನ್ನ ಗಂಡ ಕಾರ್ಖಾನೆಯಿಂದ ಬರುವಾಗ ಬೈಕಿನಿಂದ ಬಿದ್ದರು. ಮಂಡಿಯ ಕೆಳಗೆ ಎರಡು ಕಡೆ ಮೂಳೆ ಮುರಿದಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ರಾಡ್ ಹಾಕಬೇಕೆಂದರು. ಸುದ್ದಿ ಕೇಳಿದ ಅತ್ತೆ ಊರಿನಿಂದ ಬಂದವರು ಮಗನ ಮಂಚದ ಹತ್ತಿರ ನಿಂತು ಅಳಲಿಲ್ಲ. ನನ್ನನ್ನು ವರಾಂಡಕ್ಕೆ ಕರೆದುಕೊಂಡು ಹೋಗಿ ಸೊಂಟದಿಂದ ಆ ಪ್ಲಾಸ್ಟಿಕ್ ಕವರು ತೆಗೆದು ಕೈಗಿಟ್ಟರು.

"ತಗ ಕಣವ್ವ. ಏಳನೇ ವರ್ಸ ದಾಟದೆ. ಕೇಳುದ್ರೆ ಒಂದ್ ಪಾಲು ಕೊಡ್ತಾರೆ. ಎಲ್ಲಿ ರುಜು ಆಕ್ಬೇಕೋ ಏಳು, ಆಕ್ತೀನಿ."

ನಾನು ಅವರ ಮುಖವನ್ನೇ ನೋಡಿದೆ. "ನಿಮಗೆ ಗೊತ್ತಿತ್ತಾ ಅತ್ತೆ?"

"ಮೊದಲ್ನೇ ವರ್ಸವೇ ಗೊತ್ತಿತ್ತು. ಆ ಮೀಸೆ ಸಾ ಏಳಿದ್ರು."

"ಮತ್ತೆ ಆವತ್ತು ನಿಮ್ಮ ತಮ್ಮನಿಗೆ..."

"ಅವ್ನಿಗೆ ಇಲ್ಲ ಅನ್ನಾಕೆ ನಂಗೆ ಬಾಯಿ ಬತ್ತಿರ್ನಿಲ್ಲ. ಪುಸ್ತಕ ಅಂತು."

ಆಸ್ಪತ್ರೆಯ ಆ ವರಾಂಡದಲ್ಲಿ, ಫಿನೈಲಿನ ವಾಸನೆಯ ನಡುವೆ, ನಾನು ಆ ಹೆಂಗಸನ್ನು ಮೊದಲ ಸಲ ನೋಡುತ್ತಿದ್ದೇನೆ ಅನ್ನಿಸಿತು. ತೆರಿಗೆ ಉಳಿಸಿಕೊಳ್ಳಲು ಓಡಾಡಿದ ನನಗೆ ಆ ಖಾತೆ ಏನೆಂದು ಗೊತ್ತೇ ಇರಲಿಲ್ಲ. ಜೀವಮಾನದಲ್ಲಿ ಯಾರಿಗೂ ಇಲ್ಲ ಎನ್ನಲಾಗದ ಒಬ್ಬರು ತಮ್ಮ ಪರವಾಗಿ ಇಲ್ಲ ಎನ್ನಲು ಒಂದು ಪುಸ್ತಕವನ್ನು ನೇಮಿಸಿಕೊಂಡಿದ್ದರು. ಈಗ ಮಗನ ಕಾಲಿನ ಮುಂದೆ ಅದನ್ನು ತಾವಾಗಿಯೇ ತೆರೆದು ಕೊಡುತ್ತಿದ್ದರು.

ನಾನು ತೆಗೆದುಕೊಳ್ಳಲಿಲ್ಲ. ನನ್ನ ಖಾತೆಯಿಂದ ತೆಗೆದೆ, ಸೊಸೈಟಿಯಲ್ಲಿ ಸ್ವಲ್ಪ ಸಾಲ ಎತ್ತಿದೆ, ಕಾರ್ಖಾನೆಯವರೂ ಒಂದಿಷ್ಟು ಕೊಟ್ಟರು. ಪುಸ್ತಕವನ್ನು ಅತ್ತೆಯ ಕೈಗೇ ವಾಪಸು ಕೊಟ್ಟೆ. ಅವರು ಅದನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆದರೆ ಆ ವರ್ಷವೆಲ್ಲ ವಾರದಲ್ಲಿ ಎರಡು ಮೂರು ದಿನ ನಮ್ಮ ಮನೆಯಲ್ಲೇ ಇದ್ದು, ಮಗನನ್ನು ಎತ್ತಿ ಕೂರಿಸಿ, ಎಣ್ಣೆ ತಿಕ್ಕಿ, ಬೆಳಗಿನ ಮೊದಲ ಬಸ್ಸಿಗೆ ಅಂಗನವಾಡಿಗೆ ಓಡುತ್ತಿದ್ದರು. ಮನೆಗೆ ಅಕ್ಕಿ, ರಾಗಿ, ಮೊಟ್ಟೆ, ಮಗಳಿಗೆ ಶಾಲೆಯ ಶೂ, ಎಲ್ಲ ಎಲ್ಲಿಂದಲೋ ಬರುತ್ತಿತ್ತು. ಎಲ್ಲಿಂದ ಎಂದು ಕೇಳುವಷ್ಟು ಪುರಸೊತ್ತು ನನಗಿರಲಿಲ್ಲ.

ಮುಂದಿನ ಏಪ್ರಿಲ್‌ನಲ್ಲಿ ಗಂಡ ಕೋಲಿಲ್ಲದೆ ನಡೆಯತೊಡಗಿದ ಮೇಲೆ ಅತ್ತೆ ನನ್ನನ್ನು ನರಸೀಪುರಕ್ಕೆ ಕರೆದುಕೊಂಡು ಹೋದರು. ಆವತ್ತೇ ನನಗೆ ಗೊತ್ತಾಗಿದ್ದು: ಹಿಂದಿನ ಇಡೀ ವರ್ಷ ಅವರು ಒಂದು ರೂಪಾಯಿಯನ್ನೂ ಕಟ್ಟಿರಲಿಲ್ಲ. ಕನಿಷ್ಠ ಐನೂರೂ ಬೀಳದೆ ಖಾತೆ ನಿಂತುಹೋಗಿತ್ತು. ನಿಂತ ಖಾತೆಗೂ ಬಡ್ಡಿ ಬರುತ್ತಿರುತ್ತದೆ, ಆದರೆ ಅದನ್ನು ಎಬ್ಬಿಸದೆ ಮುಂದೆ ಏನೂ ಕಟ್ಟುವಂತಿಲ್ಲ, ಕೊನೆಯಲ್ಲಿ ಮುಂದುವರಿಸುವಂತೆಯೂ ಇಲ್ಲ. ನಾನು ಗಾಬರಿಯಾದೆ. ಕೌಂಟರಿನವರು ನಕ್ಕು, "ತಪ್ಪಿದ ವರ್ಷಕ್ಕೆ ಐನೂರು, ದಂಡ ಐವತ್ತು. ಅಷ್ಟೇ ಕಣಮ್ಮ, ಮತ್ತೆ ಶುರು," ಅಂದರು.

ಬಸ್ಸಿನಲ್ಲಿ ಬರುವಾಗ, "ಹೇಳಬಾರದಿತ್ತಾ ಅತ್ತೆ? ಐನೂರು ನಾನು ಹಾಕ್ತಿದ್ದೆ," ಅಂದೆ.

"ನೀನು ಆಗ ಇದ್ದ ಕಷ್ಟದಲ್ಲಿ ಐನೂರು ಕೇಳಾನ ಅಂದ್ರೆ ಅದೇನ್ ಚೆನ್ನ? ಐವತ್ ರೂಪಾಯ್ ದಂಡ ತಾನೆ, ಬುಡು," ಅಂದು ಅತ್ತೆ ಕಿಟಕಿಯ ಕಡೆ ತಿರುಗಿದರು.

ಅಲ್ಲಿಂದ ಮುಂದೆ ನಾನೂ ಅವರ ಪುಸ್ತಕವನ್ನು ಆಗಾಗ ನೋಡತೊಡಗಿದೆ. ಈ ಖಾತೆಯ ಬಡ್ಡಿ ವರ್ಷಕ್ಕೊಮ್ಮೆ, ಮಾರ್ಚ್ ಕೊನೆಯಲ್ಲಿ ಬೀಳುತ್ತದೆ. ಬಿದ್ದ ಬಡ್ಡಿಗೆ ಮುಂದಿನ ವರ್ಷ ಬಡ್ಡಿ. ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಬರೆಯುವ ಚಕ್ರಬಡ್ಡಿಯ ಸೂತ್ರವನ್ನು ನಾನೂ ಕಲಿತವಳೇ. ಆದರೆ ಅದು ಒಂದು ಜೀವದ ಹಾಗೆ ಬೆಳೆಯುವುದನ್ನು ಕಂಡಿದ್ದು ಆ ಪುಸ್ತಕದಲ್ಲಿ. ಮೊದಲ ವರ್ಷಗಳಲ್ಲಿ ಬಡ್ಡಿ ಎಂದು ಬರೆದಿದ್ದು ಒಂದು ಸೀರೆಗೂ ಸಾಲುತ್ತಿರಲಿಲ್ಲ. ಆಮೇಲೆ ಅದು ಒಂದು ತಿಂಗಳು ಕಟ್ಟುವಷ್ಟಾಯಿತು, ಮೂರು ತಿಂಗಳಷ್ಟಾಯಿತು, ಆರು ತಿಂಗಳಷ್ಟಾಯಿತು. ಹದಿನಾಲ್ಕನೇ ವರ್ಷ ದಾಟುವ ಹೊತ್ತಿಗೆ ಒಂದು ಏಪ್ರಿಲ್‌ನಲ್ಲಿ ಅತ್ತೆ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು ನನ್ನನ್ನು ಕೂಗಿದರು.

"ಬಾ ಇಲ್ಲಿ. ಇದು ಸರಿಯಾಗದಾ ನೋಡು."

ನೋಡಿದೆ. ಅವರು ವರ್ಷವಿಡೀ ಕಟ್ಟಿದ್ದು ಹನ್ನೆರಡು ಸಾವಿರ. ಬಿದ್ದ ಬಡ್ಡಿ ಅದಕ್ಕಿಂತ ಕೆಲವು ನೂರು ಜಾಸ್ತಿ.

"ಸರಿಯಾಗಿದೆ ಅತ್ತೆ."

"ಅಂದ್ರೆ ನಾನು ಕಟ್ಟಿದ್ದಕ್ಕಿಂತ ಅದೇ ಜಾಸ್ತಿ ಕಟ್ಬುಡ್ತಾ?"

"ಹೌದು."

ಅವರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಅಂಗನವಾಡಿಯ ಮಗುವೊಂದು ಮೊದಲ ಸಲ ತಾನೇ ಚಡ್ಡಿ ಹಾಕಿಕೊಂಡು ಬಂದಾಗ ನಗುತ್ತಿದ್ದರಲ್ಲ, ಹಾಗೆ ನಕ್ಕರು. ಆ ಹೊತ್ತಿಗೆ ಅವರು ಕೆಲಸದಿಂದ ನಿವೃತ್ತರಾಗಿದ್ದರು. ಹಾಲಿನ ದುಡ್ಡಿನಲ್ಲೇ ಸಾವಿರ ಕಟ್ಟುವುದು ನಡೆದಿತ್ತು.

ಖಾತೆ ತೆರೆದ ದಿನಕ್ಕೆ ಸರಿಯಾಗಿ ಹದಿನೈದು ವರ್ಷ ತುಂಬಿದ ದಿನ ಇಬ್ಬರೂ ಹೊಸ ಸೀರೆ ಉಟ್ಟುಕೊಂಡು ನರಸೀಪುರಕ್ಕೆ ಹೋದೆವು. ಆಷಾಢದ ಗಾಳಿ ಜೋರಾಗಿ ಬೀಸುತ್ತಿತ್ತು. ಮೀಸೆಯ ಗುಮಾಸ್ತರು ಎಂದೋ ನಿವೃತ್ತರಾಗಿ, ಕೌಂಟರಿನಲ್ಲಿ ಈಗ ಒಬ್ಬ ಚಿಕ್ಕ ವಯಸ್ಸಿನ ಹುಡುಗಿ ಇದ್ದಳು. ಪುಸ್ತಕ ನೋಡಿ, "ಇನ್ನೂ ಆಗಿಲ್ಲ ಅಜ್ಜಿ," ಅಂದಳು.

ನನಗೆ ಸಿಟ್ಟು ಬಂತು. "ಹದಿನೈದು ವರ್ಷ ಇವತ್ತಿಗೆ ತುಂಬಿದೆಯಲ್ಲಮ್ಮ."

"ಮೇಡಂ, ತೆರೆದ ದಿನದಿಂದ ಲೆಕ್ಕ ಅಲ್ಲ. ತೆರೆದ ಆರ್ಥಿಕ ವರ್ಷ ಮುಗಿದ ಮೇಲೆ, ಅಂದ್ರೆ ಆ ಮಾರ್ಚ್ ಮೂವತ್ತೊಂದರಿಂದ ಹದಿನೈದು ವರ್ಷ. ಬರೋ ಏಪ್ರಿಲ್ ಒಂದಕ್ಕೆ ಮುಗಿಯುತ್ತೆ."

ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಇದೂ ಗೊತ್ತಿರಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಹೊರಗೆ ಬಂದೆ. ಅತ್ತೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನನಗೆ ಮಸಾಲೆ ದೋಸೆ ಕೊಡಿಸಿದರು. "ಇನ್ನೊಂದೆಂಟು ತಿಂಗಳು ಬಡ್ಡಿ ಬೆಳೀತದಲ್ಲವ್ವ, ಅದುಕ್ಯಾಕೆ ಮೊಕ ಇಂಗೆ ಮಾಡ್ಕಂಡಿದೀಯ?" ಅಂದರು. ಮುಂದಿನ ತಿಂಗಳು ನಾಲ್ಕನೇ ತಾರೀಖು ಎಂದಿನ ಹಾಗೆ ಸಾವಿರ ಕಟ್ಟಿ ಬಂದರು.

ಏಪ್ರಿಲ್ ಬಂತು. ಅದೇ ಕೌಂಟರು, ಅದೇ ಹುಡುಗಿ. ಅತ್ತೆ ಅರ್ಜಿಗೆ ಸಹಿ ಹಾಕಿ ಕೊಟ್ಟರು. ಹುಡುಗಿ ಕಂಪ್ಯೂಟರಿನಲ್ಲಿದ್ದ ಹಳೆಯ ಸಹಿಯನ್ನೂ ಅರ್ಜಿಯನ್ನೂ ಎರಡು ಮೂರು ಸಲ ನೋಡಿದಳು.

"ಅಜ್ಜಿ, ಸೈನ್ ಮ್ಯಾಚ್ ಆಗ್ತಿಲ್ಲ."

ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಹದಿನಾರು ವರ್ಷದ ಹಿಂದಿನ ಆ ಅಕ್ಷರಗಳು ಒಂದಕ್ಕೊಂದು ಮುಟ್ಟದೆ, ಮಳೆಯಲ್ಲಿ ನಿಂತ ಕೋಳಿಮರಿಗಳ ಹಾಗೆ ಮುದುರಿಕೊಂಡು ನಿಂತಿದ್ದವು. ಈಗ ಅರ್ಜಿಯ ಮೇಲಿದ್ದದ್ದು ಒಂದೇ ಉಸಿರಿನ, ಬಾಲ ಎಳೆದ ಸಹಿ. ತಿಂಗಳಿಗೊಮ್ಮೆ ಚಲನ್ ತುಂಬಿ ತುಂಬಿ ಅತ್ತೆಯ ಕೈ ಕುದುರಿಬಿಟ್ಟಿತ್ತು. ದುಡ್ಡು ಬೆಳೆಯುವುದನ್ನೇ ನಾನು ನೋಡುತ್ತಿದ್ದೆ. ಅದರ ಪಕ್ಕದಲ್ಲೇ ಇವರ ಅಕ್ಷರ ಬೆಳೆದಿದ್ದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

"ಗುರುತಿನ ಚೀಟಿ, ಸಾಕ್ಷಿ ಕೊಟ್ಟು ಹೊಸ ಸೈನ್ ಮಾಡಿಸಬಹುದು," ಅಂದಳು ಹುಡುಗಿ.

"ಯಾಕವ್ವ? ಅದ್ನ ಬರ್ದೋಳೂ ನಾನೇ ತಾನೆ? ಕೊಡಿಲ್ಲಿ ಇನ್ನೊಂದು ಕಾಗ್ಜ."

ಅತ್ತೆ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದರು. ಒಂದು ಅಕ್ಷರ, ಪೆನ್ನು ಎತ್ತಿ ಒಂದು ಉಸಿರು, ಇನ್ನೊಂದು ಅಕ್ಷರ. ಮೊದಲನೆಯದು ತೀರಾ ಚೆನ್ನಾಗಿ ಬಂದುಬಿಟ್ಟಿತು, ಹುಡುಗಿ ಹೊಂದುವುದಿಲ್ಲ ಎಂದು ತಲೆಯಾಡಿಸಿದಳು. ಎರಡನೆಯದೂ ಹಾಗೇ. ಮೂರನೇ ಸಲ ಅತ್ತೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಬರೆದರು. ನಲವತ್ತೆಂಟು ವರ್ಷದ, ಓಲೆ ಕಳೆದುಕೊಂಡ ಕಿವಿಯ, ಕೌಂಟರಿನ ಮುಂದೆ ಬೆವರುತ್ತಿದ್ದ ಆ ಹೆಂಗಸು ಕಾಗದದ ಮೇಲೆ ಇಳಿದು ಬಂದಂತಾಯಿತು. ಹುಡುಗಿ "ಆಯ್ತು ಅಜ್ಜಿ" ಅಂದಾಗ ಹಿಂದೆ ಸಾಲಿನಲ್ಲಿದ್ದವರೊಬ್ಬರು ಚಪ್ಪಾಳೆ ತಟ್ಟಿದರು.

ಅವಧಿ ಮುಗಿದ ಮೇಲೆ ಮೂರು ದಾರಿ ಇವೆ ಎಂದು ಹುಡುಗಿ ಹೇಳಿದಳು. ಎಲ್ಲ ತೆಗೆದುಕೊಂಡು ಖಾತೆ ಮುಚ್ಚಬಹುದು. ಏನೂ ಕಟ್ಟದೆ ಹಾಗೇ ಬಿಟ್ಟರೆ ಬಡ್ಡಿ ಬರುತ್ತಿರುತ್ತದೆ, ವರ್ಷಕ್ಕೊಮ್ಮೆ ಬೇಕಾದಷ್ಟು ತೆಗೆಯಬಹುದು. ಇಲ್ಲವೆ ಒಂದು ವರ್ಷದ ಒಳಗೆ ಅರ್ಜಿ ಕೊಟ್ಟು ಇನ್ನೂ ಐದು ವರ್ಷ ಕಟ್ಟುತ್ತಾ ಮುಂದುವರಿಸಬಹುದು. ಆಗ ಆ ಐದು ವರ್ಷದಲ್ಲಿ ಒಟ್ಟು ನೂರಕ್ಕೆ ಅರವತ್ತರಷ್ಟು ಮಾತ್ರ ತೆಗೆಯಲು ಸಿಗುತ್ತದೆ. ಯಾವ ದಾರಿ ಹಿಡಿದರೂ ತೆರಿಗೆ ಇಲ್ಲ.

ಅತ್ತೆ ಕಟ್ಟಿದ್ದು ಒಟ್ಟು ಒಂದು ಲಕ್ಷ ನಲವತ್ತು ಸಾವಿರದ ಆಸುಪಾಸು. ಪುಸ್ತಕದಲ್ಲಿದ್ದದ್ದು ಎರಡೂವರೆ ಲಕ್ಷಕ್ಕೆ ಸ್ವಲ್ಪ ಕಡಿಮೆ. ಅವರ ಸಂಬಳದ ಎಷ್ಟೋ ಪಟ್ಟು ಸಂಬಳ ತೆಗೆದುಕೊಂಡ ನನ್ನ ಪುಸ್ತಕದಲ್ಲಿ, ಸ್ಕೂಟರು, ಟೈಲ್ಸು, ಆಸ್ಪತ್ರೆ ಎಲ್ಲ ಕಳೆದು, ಅದಕ್ಕಿಂತ ಕಡಿಮೆ ಉಳಿದಿತ್ತು.

"ಮುಂದುವರ್ಸವ್ವ, ಐದು ವರ್ಸ," ಅಂದರು ಅತ್ತೆ. "ಅದ್ರಲ್ಲಿ ಒಂದು ಲಕ್ಷದ ಮೂವತ್ತು ಸಾವ್ರ ತೆಕ್ಕೊಡು."

ಅಷ್ಟು ಸ್ಪಷ್ಟವಾದ ಲೆಕ್ಕ ಎಲ್ಲಿಂದ ಬಂತೆಂದು ನಾನು ಕೇಳುವ ಮೊದಲೇ ಅವರು ಚೀಲದಿಂದ ಒಂದು ಕಾಗದ ತೆಗೆದರು. ಮೈಸೂರಿನ ಒಂದು ಅಂಗಡಿಯ ಕೊಟೇಶನ್. ಕಲ್ಲು, ಮೋಟಾರು, ಬೆಲ್ಟು, ಸ್ಟಾರ್ಟರು. ಹಿಟ್ಟಿನ ಮಿಲ್ಲು.

ಊರಿನ ಅವರ ಬೀದಿಯ ಹೆಂಗಸರು ರಾಗಿ ಬೀಸಿಸಲು ದೂರದ ಮಿಲ್ಲಿಗೆ ತಲೆಯ ಮೇಲೆ ಹೊತ್ತು ಹೋಗುತ್ತಿದ್ದರು. ಕರೆಂಟು ಹೋದರೆ ಬಿಸಿಲಲ್ಲಿ ಕಾಯಬೇಕು. ಮಿಲ್ಲಿನವನು ಯಾರ ಹಿಟ್ಟನ್ನೋ ಯಾರಿಗೋ ಕೊಟ್ಟು, ಕೇಳಿದರೆ ಗದರುತ್ತಿದ್ದ. ಅಂಗನವಾಡಿ ಮುಗಿಸಿ ಓಡಿಹೋದ ಅತ್ತೆಯನ್ನು ಎಷ್ಟೋ ಸಲ "ನಾಳೆ ಬಾ ಓಗು" ಎಂದು ವಾಪಸು ಕಳಿಸಿದ್ದನಂತೆ. ಇದನ್ನೆಲ್ಲ ಅವರು ನನಗೆ ಹೇಳಿದ್ದು ಅದೇ ದಿನ, ಕಚೇರಿಯ ಹೊರಗಿನ ಬೆಂಚಿನ ಮೇಲೆ.

"ಅತ್ತೆ, ಈ ವಯಸ್ಸಿನಲ್ಲಿ ಮಿಲ್ಲಾ?"

"ಯಾವ್ ವಯಸ್ನಲ್ಲಿ? ಅರವತ್ನಾಲ್ಕು. ಇನ್ನೈದು ವರ್ಸ ಕಟ್ಟು ಅಂತ ಸರ್ಕಾರವೇ ಏಳ್ತಾ ಅದಲ್ಲ."

ಮಿಲ್ಲು ಬರಲು ಮೂರು ತಿಂಗಳು ಹಿಡಿಯಿತು. ತ್ರೀ ಫೇಸ್ ಕನೆಕ್ಷನ್ನಿಗೆ ಅತ್ತೆಯೇ ನಾಲ್ಕು ಸಲ ಅಲೆದರು. ಹಸುವಿನ ಕೊಟ್ಟಿಗೆಯನ್ನು ಹಿಂದಕ್ಕೆ ಸರಿಸಿ, ಬೀದಿಯ ಕಡೆಗೊಂದು ಬಾಗಿಲು ಒಡೆಸಿದರು. ನನ್ನ ಗಂಡ ಎರಡು ಭಾನುವಾರ ಕೂತು ಮೋಟಾರನ್ನೂ ಕಲ್ಲನ್ನೂ ಒಂದು ಮಟ್ಟಕ್ಕೆ ತಂದರು. ಶುರುವಾದ ದಿನ ಹನ್ನೊಂದು ಜನ ಹೆಂಗಸರು ಸಾಲಾಗಿ ನಿಂತಿದ್ದರು. ಅತ್ತೆ ಎಲ್ಲರಿಗೂ ಬೆಂಚು ಹಾಕಿ, ಒಂದು ಕೊಳಗ ನೀರು ಇಟ್ಟಿದ್ದರು. ಅವರ ತಮ್ಮ ಒಂದು ಮೂಟೆ ರಾಗಿ ಹೊತ್ತು ತಂದು, "ಅಕ್ಕನ ಮಿಲ್ಲು, ನಂಗೆ ಪುಗಸಟ್ಟೆ ತಾನೆ?" ಅಂದರು.

"ಬೋರ್ಡ್ ನೋಡ್ಲಾ, ಕೇಜಿಗೆ ಎಷ್ಟು ಅಂತ ಬರ್ದದೆ," ಅಂದರು ಅತ್ತೆ.

ಆ ಮಾತನ್ನು ಅವರೇ ಅಂದರು, ತಮ್ಮದೇ ಬಾಯಿಂದ. ತಮ್ಮ ನಗುತ್ತಾ ಜೇಬಿಗೆ ಕೈ ಹಾಕಿದರು. ಬೋರ್ಡನ್ನು ಸೀಮೆಸುಣ್ಣದಲ್ಲಿ ಬರೆದವರೂ ಅತ್ತೆಯೇ.

ಬೆಲ್ಟು ತಿರುಗಿ, ಕಲ್ಲು ಗುರ್ ಎಂದು ಮೊದಲ ಹಿಟ್ಟು ಬಿಳಿಯ ಚೀಲದೊಳಗೆ ಬೆಚ್ಚಗೆ ಇಳಿಯಿತು. ಅತ್ತೆ ಒಂದು ಚಿಟಿಕೆ ತೆಗೆದು ಹೆಬ್ಬೆರಳಲ್ಲಿ ಉಜ್ಜಿ ನೋಡಿದರು. ರೆಪ್ಪೆ, ಹುಬ್ಬು, ಸೆರಗು ಎಲ್ಲ ಹಿಟ್ಟಾಗಿತ್ತು. ನಾನು ಗೋಡೆಗೆ ಒರಗಿಕೊಂಡು ಸುಮ್ಮನೆ ನೋಡುತ್ತಿದ್ದೆ. ನಾನು ಅದೇ ಏಪ್ರಿಲ್‌ನಲ್ಲಿ ನನ್ನ ಖಾತೆಯನ್ನು ಮುಚ್ಚಿದಾಗ ಬಂದ ದುಡ್ಡಿನಲ್ಲಿ ಏನು ಕೊಂಡೆ ಎಂದು ಈಗ ಕೇಳಿದರೆ ಯೋಚಿಸಿ ಹೇಳಬೇಕು.

ಮಿಲ್ಲು ಈಗಲೂ ನಡೆಯುತ್ತಿದೆ. ಗಳಿಕೆಯಲ್ಲಿ ಸಾವಿರ ರೂಪಾಯಿ ತಿಂಗಳು ತಿಂಗಳು ನರಸೀಪುರಕ್ಕೆ ಹೋಗುತ್ತದೆ. ಹೋದ ಸಲ ಊರಿಗೆ ಹೋದಾಗ ಕೇಳಿದೆ, ಈ ಐದು ವರ್ಷ ಮುಗಿದಾಗ ಏನು ಮಾಡುತ್ತೀರಿ ಎಂದು. ಅತ್ತೆ ಜರಡಿ ಹಿಡಿಯುವುದನ್ನು ನಿಲ್ಲಿಸಲಿಲ್ಲ.

"ಕಾರದ ಪುಡಿಗೆ ಬ್ಯಾರೆ ಮಿಷನ್ನು ತರ್ಬೇಕು ಕಣವ್ವ. ರಾಗಿ ಆಕೋ ಕಲ್ಗೇ ಮೆಣಸಿನಕಾಯಿ ಆಕುದ್ರೆ ಹಿಟ್ಟೆಲ್ಲ ಘಾಟು ಬತ್ತದೆ. ಮತ್ತೆ ಬೆಲೆ ಎಷ್ಟಾಗದೆ ಅಂತ ಇಚಾರ್ಸಿಕಂಡು ಬಂದಿವ್ನಿ."